ಗಾಯ ನಿಜ, ಗಾಡಿ ಸುಳ್ಳು

ಕಳೆದ ವರ್ಷ ಶ್ರಾವಣದ ಒಂದು ಬೆಳಿಗ್ಗೆ ನಮ್ಮ ಬೀದಿಯ ನಿವೃತ್ತ ಮೇಷ್ಟ್ರ ಮನೆಗೆ ಕೋರ್ಟಿನ ಅಮೀನ ಬಂದ. ಪೂಜೆಗೆ ಹೂ ಬಿಡಿಸುತ್ತಿದ್ದ ಮೇಷ್ಟ್ರು ಕೈ ಒರೆಸಿಕೊಂಡು ಸಹಿ ಹಾಕಿದರು. ಲಕೋಟೆ ಒಡೆದು ಓದಿದ ಮೇಲೆ ಜಗುಲಿಯ ಮೇಲೆ ಹಾಗೆಯೇ ಕುಳಿತುಬಿಟ್ಟರು. ಅವರ ಸ್ಕೂಟರ್ ನೆಲಮಂಗಲದ ಬಳಿ ರಸ್ತೆ ಬದಿಯಲ್ಲಿ ನಿಂತಿದ್ದ ಒಬ್ಬನಿಗೆ ಗುದ್ದಿ ಕಾಲು ಮುರಿದಿದೆ, ಹದಿನೆಂಟು ಲಕ್ಷ ರೂಪಾಯಿ ಪರಿಹಾರ ಕೊಡಿಸಬೇಕು ಎಂಬ ಅರ್ಜಿ ಅದು. ಇಂಥ ಅರ್ಜಿಗಳಲ್ಲಿ ಮಾಲೀಕನ ಜೊತೆಗೆ ವಿಮಾ ಕಂಪನಿಯೂ ಎದುರುದಾರನಾಗಿರುತ್ತದೆ. ಇದರಲ್ಲಿ ಮೇಷ್ಟ್ರೊಬ್ಬರೇ ಇದ್ದರು.

"ಆ ಗಾಡಿಯನ್ನು ಗ್ಯಾರೇಜಿನವನಿಗೆ ಕೊಟ್ಟು ಐದು ವರ್ಷವಾಯಿತಲ್ಲಪ್ಪ" ಎಂದರು.

ಅವರು ನನ್ನನ್ನು ಕರೆಸಿದ್ದಕ್ಕೆ ಕಾರಣವಿದೆ. ವಿಮಾ ಕಂಪನಿಯೊಂದರ ಕಾನೂನು ವಿಭಾಗದಲ್ಲಿ ಇಪ್ಪತ್ತು ವರ್ಷ ಅಪಘಾತದ ಕಡತಗಳನ್ನು ತಿರುವಿ ಹಾಕಿದವನು ನಾನು. ಬೆಂಗಳೂರಿನಲ್ಲಿ ಈ ಅರ್ಜಿಗಳನ್ನು ನಡೆಸುವುದು ಲಘು ವ್ಯವಹಾರಗಳ ನ್ಯಾಯಾಲಯ. ಅದೇ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯೂ ಹೌದು. ಮೇಯೋ ಹಾಲ್ ಕೋರ್ಟು ಕಟ್ಟಡದ ಕಾರಿಡಾರಿನಲ್ಲಿ ನಾನು ಸವೆಸಿದ ಚಪ್ಪಲಿಗಳಿಗೆ ಲೆಕ್ಕವಿಲ್ಲ. ಹಾಗಾಗಿ ನಾನು ಕಂಪನಿಯ ಅನ್ನ ತಿಂದವನು, ನನ್ನ ಮಾತಿಗೆ ಆ ವಾಲುವಿಕೆ ಇರಬಹುದು ಎಂದು ಮೊದಲೇ ಒಪ್ಪಿಕೊಳ್ಳುತ್ತೇನೆ. ಆದರೂ ನಾನು ಕಂಡಂತೆ ಆ ಕಾರಿಡಾರಿನಲ್ಲಿ ಕೂತ ಬಹುತೇಕರು ನಿಜವಾಗಿ ಪೆಟ್ಟು ತಿಂದವರೇ. ಸುಳ್ಳು ಅರ್ಜಿ ಮೊದಲು ಹೊಡೆಯುವುದು ಅವರನ್ನೇ, ಏಕೆಂದರೆ ಪ್ರತಿಯೊಂದು ನಕಲಿ ಕಡತದ ನಂತರ ಹತ್ತು ಅಸಲಿ ಕಡತಗಳನ್ನು ಅನುಮಾನದ ಕಣ್ಣಿನಿಂದ ನೋಡಲಾಗುತ್ತದೆ.

ಸುಳ್ಳು ಹುಟ್ಟುವ ಜಾಗ

ನಕಲಿ ಪರಿಹಾರದ ಅರ್ಜಿ ಎಂದರೆ ಪೂರ್ತಿ ಕಟ್ಟುಕತೆ ಎಂದು ಜನ ಭಾವಿಸುತ್ತಾರೆ. ಸಾಮಾನ್ಯವಾಗಿ ಹಾಗಿರುವುದಿಲ್ಲ. ಮೂಳೆ ನಿಜವಾಗಿಯೇ ಮುರಿದಿರುತ್ತದೆ, ಆಸ್ಪತ್ರೆಯ ಬಿಲ್ಲೂ ನಿಜ. ಸುಳ್ಳಿರುವುದು ಗಾಡಿಯ ನಂಬರಿನಲ್ಲಿ.

ಏಕೆ ಹೀಗೆ ಎಂಬುದಕ್ಕೆ ಕಾನೂನಿನ ಲೆಕ್ಕಾಚಾರವನ್ನು ನೋಡಬೇಕು. ಒಬ್ಬ ರಾತ್ರಿ ಬೈಕ್‌ನಲ್ಲಿ ಹೋಗುವಾಗ ಗುಂಡಿಗೆ ಬಿದ್ದು ಕಾಲು ಮುರಿದುಕೊಂಡ ಎನ್ನಿ. ಬೆಂಗಳೂರಿನಲ್ಲಿ ಇದಕ್ಕೆ ಹೆಚ್ಚು ಕಲ್ಪನಾಶಕ್ತಿ ಬೇಕಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 166ನೇ ಕಲಮಿನಡಿ ಪರಿಹಾರ ಕೇಳಬೇಕಾದರೆ ತಪ್ಪು ಮಾಡಿದ ಇನ್ನೊಬ್ಬ ಚಾಲಕ ಬೇಕು. ತಾನೇ ಜಾರಿ ಬಿದ್ದವನಿಗೆ ಅಲ್ಲಿ ಏನೂ ಹುಟ್ಟುವುದಿಲ್ಲ. ಇನ್ನೊಬ್ಬನಿಗೆ ಲಾರಿಯೊಂದು ಗುದ್ದಿ ನಿಲ್ಲಿಸದೆ ಹೋಯಿತು, ನಂಬರ್ ಯಾರೂ ನೋಡಲಿಲ್ಲ ಎನ್ನಿ. ಅವನಿಗೆ ಸರ್ಕಾರದ ಯೋಜನೆಯಿದೆ. ಆದರೆ 2022ರ ಏಪ್ರಿಲ್‌ನಲ್ಲಿ ಹೆಚ್ಚಿಸಿದ ಮೇಲೂ ಅದರಲ್ಲಿ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ ರೂಪಾಯಿ ಮಾತ್ರ. ಅದೇ ಗಾಯಕ್ಕೆ ವಿಮೆಯಿರುವ ಒಂದು ಗಾಡಿಯ ನಂಬರ್ ಅಂಟಿಸಿದರೆ ಮೊತ್ತ ಹತ್ತಾರು ಪಟ್ಟು ಹಿಗ್ಗುತ್ತದೆ. ಮೂರನೇ ವ್ಯಕ್ತಿಯ ಸಾವು ಮತ್ತು ಗಾಯಕ್ಕೆ ವಿಮಾ ಕಂಪನಿಯ ಹೊಣೆಗೆ ಮೇಲ್ಮಿತಿ ಇಲ್ಲ. ಐವತ್ತು ಸಾವಿರಕ್ಕೂ ಹತ್ತು ಲಕ್ಷಕ್ಕೂ ನಡುವಿನ ಈ ಕಂದಕದಲ್ಲೇ ದಲ್ಲಾಳಿ ಹುಟ್ಟುತ್ತಾನೆ. ಆಸ್ಪತ್ರೆಯ ವಾರ್ಡಿನಲ್ಲಿ ಹಣ್ಣಿನ ಚೀಲ ಹಿಡಿದು ಸಂಬಂಧಿಕನಂತೆ ಬಂದು ಕೂರುವವನು ಅವನೇ.

ಇದು ನಮ್ಮೂರಿನ ರೋಗ ಮಾತ್ರವಲ್ಲ. ಉತ್ತರ ಪ್ರದೇಶದಲ್ಲಿ ಇಂಥ ಅರ್ಜಿಗಳ ಹಾವಳಿ ಮಿತಿಮೀರಿದಾಗ ಅಲಹಾಬಾದ್ ಹೈಕೋರ್ಟ್ 2015ರಲ್ಲಿ ವಿಶೇಷ ತನಿಖಾ ತಂಡ ರಚಿಸಲು ಆದೇಶಿಸಿತು. ವಿಮಾ ಕಂಪನಿಗಳು ಅದಕ್ಕೆ ಒಪ್ಪಿಸಿದ ಅನುಮಾನದ ಪ್ರಕರಣಗಳು ಸಾವಿರಕ್ಕೂ ಹೆಚ್ಚು. 2021ರಲ್ಲಿ ವಿಷಯ ಸುಪ್ರೀಂ ಕೋರ್ಟ್ ಮುಂದೆ ಬಂದಾಗ, ಆರೋಪ ಹೊತ್ತವರಲ್ಲಿ ವಕೀಲರೂ ಇದ್ದರು. ಅಲ್ಲಿನ ವಕೀಲರ ಪರಿಷತ್ತಿನ ಮೌನವನ್ನು ನ್ಯಾಯಾಲಯ ಕಟುವಾಗಿ ಟೀಕಿಸಿತು.

ಅಂಟಿಸುವುದಕ್ಕೆ ಗಾಡಿ ಎಲ್ಲಿಂದ ಸಿಗುತ್ತದೆ? ನನ್ನ ಅನುಭವದಲ್ಲಿ ಕದ್ದ ನಂಬರಿಗಿಂತ ಕೇಳಿ ಪಡೆದ ನಂಬರೇ ಹೆಚ್ಚು. ನಾದಿನಿಯ ಗಂಡನ ತಮ್ಮನೊಬ್ಬ ಮನೆಗೆ ಬರುತ್ತಾನೆ, ಕಾಫಿ ಕುಡಿಯುತ್ತಾನೆ, "ಭಾವ, ಹುಡುಗ ಬಿದ್ದು ಕಾಲು ಮುರಿದುಕೊಂಡಿದ್ದಾನೆ, ಮನೆಯಲ್ಲಿ ಒಲೆ ಉರಿಯುತ್ತಿಲ್ಲ. ನಿಮ್ಮ ಬೈಕಿಗೆ ಇನ್ಶೂರೆನ್ಸ್ ಇದೆಯಲ್ಲ, ನಿಮ್ಮ ಗಾಡಿ ತಗುಲಿತು ಎಂದು ಹೇಳಿದರೆ ಸಾಕು. ಕೊಡುವುದು ಕಂಪನಿ, ನಿಮ್ಮ ಕೈಯಿಂದ ಏನು ಹೋಗುತ್ತದೆ?" ಎನ್ನುತ್ತಾನೆ. ಈ ಮಾತಿಗೆ ಕರಗಿದ ಒಳ್ಳೆಯ ಮನುಷ್ಯರನ್ನು ನಾನು ಸಾಕ್ಷಿಕಟ್ಟೆಯಲ್ಲಿ ನೋಡಿದ್ದೇನೆ.

ಕೈಯಿಂದ ಹೋಗುವುದನ್ನು ಎಣಿಸಿ. ಪೊಲೀಸರು ಎಫ್‌ಐಆರ್ ದಾಖಲಿಸುವುದು ಚಾಲಕನ ಮೇಲೆ, ಅಂದರೆ ನಿಮ್ಮ ಮೇಲೆ: ಅಜಾಗರೂಕ ಚಾಲನೆಗೆ ಭಾರತೀಯ ನ್ಯಾಯ ಸಂಹಿತೆಯ 281, ಗಾಯಪಡಿಸಿದ್ದಕ್ಕೆ 125. ಕಂಪನಿಯ ತನಿಖಾಧಿಕಾರಿ ಸಂಚನ್ನು ಹೊರಗೆಳೆದರೆ ಕಂಪನಿ ಹೊಣೆಯಿಂದ ಜಾರಿಕೊಳ್ಳುತ್ತದೆ, ನೀವು ಉಳಿಯುತ್ತೀರಿ. ಮೇಲೆ ಮೋಸ, ಸುಳ್ಳು ಸಾಕ್ಷ್ಯ, ಕೋರ್ಟಿನಲ್ಲಿ ಅಪ್ರಾಮಾಣಿಕ ದಾವೆ ಎಂದು 318, 229, 246ನೇ ಕಲಮುಗಳು. ಮಗ ಲೈಸೆನ್ಸ್ ಇಲ್ಲದೆ ಕಾರು ಓಡಿಸಿ ಗುದ್ದಿದಾಗ "ನಾನೇ ಓಡಿಸುತ್ತಿದ್ದೆ" ಎಂದು ಅಪ್ಪ ಠಾಣೆಗೆ ಹೋಗುವುದೂ ಇದೇ ಜಾತಿಯದು. ನಾವು ಅದನ್ನು ವಾತ್ಸಲ್ಯ ಎಂದು ಕರೆದುಕೊಳ್ಳುತ್ತೇವೆ, ಅಷ್ಟೇ ವ್ಯತ್ಯಾಸ.

ಇನ್ನೊಂದು ಬಗೆ ಹೆಚ್ಚು ನಯವಾದದ್ದು: ಅಪಘಾತ ನಿಜ, ಗಾಡಿ ನಿಮ್ಮದೇ, ಆದರೆ ಅಂಗವೈಕಲ್ಯದ ಶೇಕಡಾವಾರು ಉಬ್ಬಿದೆ. ಇದನ್ನು ಅರಿಯಲು ಸಣ್ಣ ಗುಣಾಕಾರ ಸಾಕು. ಗಾಯಾಳುವಿಗೆ 35 ವರ್ಷ, ತಿಂಗಳಿಗೆ 15,000 ರೂಪಾಯಿ ದುಡಿಮೆ ಎನ್ನಿ. ಸುಪ್ರೀಂ ಕೋರ್ಟಿನ 2009ರ ಸರಳಾ ವರ್ಮಾ ತೀರ್ಪಿನ ಕೋಷ್ಟಕದಂತೆ ಆ ವಯಸ್ಸಿಗೆ ಗುಣಕ, ಅಂದರೆ ವರ್ಷದ ದುಡಿಮೆಯನ್ನು ಗುಣಿಸಬೇಕಾದ ಸಂಖ್ಯೆ, 16. ಹದಿನೈದು ಸಾವಿರವನ್ನು ಹನ್ನೆರಡರಿಂದ, ಆಮೇಲೆ ಹದಿನಾರರಿಂದ ಗುಣಿಸಿದರೆ 28,80,000. ದುಡಿಯುವ ಶಕ್ತಿ ಶೇ 20 ಕುಗ್ಗಿದೆ ಎಂದರೆ 5,76,000 ರೂಪಾಯಿ. ಶೇ 40 ಎಂದು ಬರೆದರೆ 11,52,000. ಚಿಕಿತ್ಸೆ, ನೋವು, ರಜೆಯ ಲೆಕ್ಕ ಬೇರೆ. ಪ್ರಮಾಣಪತ್ರದಲ್ಲಿ ಒಂದು ಅಂಕಿ ಬದಲಾದರೆ ಸುಮಾರು ಆರು ಲಕ್ಷ ಜಿಗಿಯಿತು.

ಇಲ್ಲಿ ನೆನೆಯಬೇಕಾದ ಸುಪ್ರೀಂ ಕೋರ್ಟ್ ತೀರ್ಪು ರಾಜ್ ಕುಮಾರ್ ವಿರುದ್ಧ ಅಜಯ್ ಕುಮಾರ್. 2010ರ ಅಕ್ಟೋಬರ್‌ನಲ್ಲಿ ಅದನ್ನು ಬರೆದವರು ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್. ಒಂದು ಕಾಲಿನ ವೈಕಲ್ಯ ಬೇರೆ, ಇಡೀ ದೇಹದ್ದು ಬೇರೆ, ಸಂಪಾದನೆಯ ನಷ್ಟ ಇನ್ನೂ ಬೇರೆ ಎಂದು ಅವರು ಬಿಡಿಸಿ ಹೇಳಿದರು. ಆ ಪ್ರಕರಣದಲ್ಲಿ ಎಡಗಾಲಿನ ವೈಕಲ್ಯ ಶೇ 45 ಎಂದು ಪ್ರಮಾಣಪತ್ರವಿತ್ತು. ಸಂಪಾದನೆಯ ನಷ್ಟವನ್ನು ಶೇ 20 ಎಂದು ಹಿಡಿದರು. ಚಿಕಿತ್ಸೆ ಕೊಡದ ವೈದ್ಯರು ಬರೆದುಕೊಡುವ ಸಿದ್ಧ ಪ್ರಮಾಣಪತ್ರಗಳ ಬಗ್ಗೆ ನ್ಯಾಯಮಂಡಳಿಗಳು ಎಚ್ಚರವಹಿಸಬೇಕು ಎಂದೂ ಸೇರಿಸಿದರು. ನಿಮ್ಮ ವಕೀಲರು ಪಾಟೀ ಸವಾಲಿನಲ್ಲಿ ವೈದ್ಯರಿಗೆ ಕೇಳಬೇಕಾದ ಮೊದಲ ಪ್ರಶ್ನೆ "ಇವರಿಗೆ ಚಿಕಿತ್ಸೆ ಕೊಟ್ಟವರು ನೀವೇನಾ?" ಎಂಬುದು.

ರಸ್ತೆಯಲ್ಲಿ ಬೇಕೆಂದೇ ಬಂದು ತಗುಲಿಸಿ ದುಡ್ಡು ಕೀಳುವವರದು ಬೇರೆಯೇ ದಂಧೆ. 2023ರ ಜನವರಿಯಲ್ಲಿ ಸರ್ಜಾಪುರ ರಸ್ತೆಯಲ್ಲಿ ನಡುರಾತ್ರಿ ಇಬ್ಬರು ದ್ವಿಚಕ್ರ ವಾಹನವನ್ನು ಕಾರಿಗೆ ಗುದ್ದಿಸಿ, ಕಾರಿನವರನ್ನು ಮೈಲುಗಟ್ಟಲೆ ಬೆನ್ನಟ್ಟಿದ ದೃಶ್ಯ ಡ್ಯಾಶ್‌ಕ್ಯಾಮ್‌ನಲ್ಲಿ ಸೆರೆಯಾಗಿ, ಅವರಿಬ್ಬರೂ ಬಂಧನಕ್ಕೊಳಗಾದರು. ಆ ಕಾರಿನವರು ಮಾಡಿದ್ದು ಸರಿ: ಗಾಜು ಇಳಿಸಲಿಲ್ಲ, ಕೆಳಗಿಳಿಯಲಿಲ್ಲ. ಇಂಥವರು ಕೋರ್ಟಿಗೆ ಬರುವುದು ಅಪರೂಪ. 112ಕ್ಕೆ ಕರೆ ಮಾಡುತ್ತೇನೆ ಎಂದರೆ ನಿಜವಾದ ಗಾಯಾಳು ನಿಲ್ಲುತ್ತಾನೆ, ಇವರು ನಿಲ್ಲುವುದಿಲ್ಲ.

ಮೊದಲ ಎರಡು ದಿನ

ನ್ಯಾಯಮಂಡಳಿಯಲ್ಲಿ ಕ್ರಿಮಿನಲ್ ಕೋರ್ಟಿನಂತೆ ಸಂಶಯಾತೀತ ಪುರಾವೆ ಬೇಕಿಲ್ಲ. ಯಾರ ಮಾತು ಹೆಚ್ಚು ಸಂಭವನೀಯ ಎಂದು ತೂಗಿ ನೋಡುತ್ತಾರೆ. ಗಾಯಾಳುವಿನ ಅನುಕೂಲಕ್ಕಾಗಿ ಮಾಡಿದ ಕಾಯ್ದೆ ಅದು, ಹಾಗೇ ಇರಬೇಕು ಕೂಡ. ಆದರೆ ಇದರಿಂದ ಕಾಗದದ ಬೆಲೆ ವಿಪರೀತ ಏರುತ್ತದೆ. ಮೂರು ವರ್ಷದ ನಂತರ ನೀವು ಸಾಕ್ಷಿಕಟ್ಟೆಯಲ್ಲಿ ಎಷ್ಟು ಅತ್ತರೂ, ಅಪಘಾತದ ಮೊದಲ ಎರಡು ದಿನದಲ್ಲಿ ಯಾರು ಏನು ಬರೆದರು ಎಂಬುದೇ ಮಾತಾಡುತ್ತದೆ.

ನಿಮ್ಮ ಗಾಡಿ ಯಾರಿಗಾದರೂ ತಗುಲಿದರೆ ಓಡಬೇಡಿ. ಮೋಟಾರು ವಾಹನ ಕಾಯ್ದೆಯ 134ನೇ ಕಲಮಿನ ಪ್ರಕಾರ ಗಾಯಾಳುವಿಗೆ ಚಿಕಿತ್ಸೆ ಸಿಗುವಂತೆ ನೋಡಿಕೊಳ್ಳಬೇಕು, 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸಬೇಕು, ವಿಮಾ ಕಂಪನಿಗೂ ಲಿಖಿತವಾಗಿ ತಿಳಿಸಬೇಕು. ಗುಂಪು ಮೈಮೇಲೆ ಬಿದ್ದರೆ ಏನು ಗತಿ ಎನ್ನುವವರಿಗೆ: ಉದ್ರಿಕ್ತ ಗುಂಪಿನ ಭಯಕ್ಕೆ ಆ ಕಲಮಿನಲ್ಲೇ ವಿನಾಯಿತಿ ಇದೆ. ಹಾಗಾದಾಗ ನೇರ ಹತ್ತಿರದ ಠಾಣೆಗೆ ಹೋಗಿ. ಆಸ್ಪತ್ರೆಯ ಖರ್ಚು ಕೊಡಬೇಕೆನಿಸಿದರೆ ಕೌಂಟರಿನಲ್ಲಿ ಕಟ್ಟಿ ರಸೀದಿ ಇಟ್ಟುಕೊಳ್ಳಿ. ಹಣ್ಣಿನ ಚೀಲದವನ ಕೈಗೆ ಕೊಡಬೇಡಿ. ರಸ್ತೆಯಲ್ಲೇ ಐದು ಸಾವಿರ ಕೊಟ್ಟು ಚೀಟಿ ಬರೆಸಿಕೊಂಡು "ಮುಗಿಯಿತು" ಎಂದುಕೊಂಡವರಿಗೆ ಆರು ತಿಂಗಳ ನಂತರ ನೋಟಿಸ್ ಬಂದದ್ದು ನನಗೆ ಗೊತ್ತು. ಆ ಚೀಟಿ ಅಪಘಾತ ನಡೆಯಿತು ಎಂಬುದಕ್ಕೆ ಅವರ ಪರವಾಗಿಯೇ ದಾಖಲೆಯಾಯಿತು.

ಆಸ್ಪತ್ರೆಯ ಮೊದಲ ನಮೂದು ಎಲ್ಲಕ್ಕಿಂತ ಮುಖ್ಯ. ತುರ್ತು ವಿಭಾಗದಲ್ಲಿ ಎಂಎಲ್‌ಸಿ ವಹಿ, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಗಾಯದ ಪ್ರಕರಣಗಳನ್ನು ಬರೆಯುವ ಪುಸ್ತಕ, ಇರುತ್ತದೆ. ನಿದ್ದೆಗಣ್ಣಿನ ಕಿರಿಯ ವೈದ್ಯ "ಏನಾಯಿತು?" ಎಂದು ಕೇಳಿ ಒಂದು ಸಾಲು ಗೀಚುತ್ತಾನೆ. ದಲ್ಲಾಳಿ ವಾರ್ಡಿಗೆ ಬರುವ ಮುನ್ನ, ನೋವಿನಲ್ಲಿ ಬಾಯಿಗೆ ಬಂದ ಸತ್ಯ ಅದು. ಆಮೇಲೆ ಬರುವ ಗಾಯದ ಪ್ರಮಾಣಪತ್ರ, ದೂರು, ಮಹಜರು ಎಲ್ಲದರಲ್ಲೂ ಕತೆ ಬೇರೆಯಾಗಿರಬಹುದು; ಆ ಸಾಲನ್ನು ತಿದ್ದುವುದು ಕಷ್ಟ. ಅದರ ಜೊತೆಗೆ ಮೋಟಾರು ವಾಹನ ನಿರೀಕ್ಷಕರ ವರದಿಯನ್ನು ಇಟ್ಟು ನೋಡಿ. ಎದುರಿಗಿನವನ ತೊಡೆಮೂಳೆ ಎರಡು ತುಂಡಾಗಿದೆ, ನಿಮ್ಮ ಸ್ಕೂಟರಿನ ಮುಂದಿನ ಮಡ್‌ಗಾರ್ಡಿನ ಮೇಲೆ ಒಂದು ಗೀರೂ ಇಲ್ಲವೆಂದರೆ ವಕೀಲರಿಗೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ದೂರು ತಡವಾಗಿದೆ ಎಂಬುದೊಂದನ್ನೇ ನಂಬಿ ಕೂರಬೇಡಿ. ತಡವಾದ ಮಾತ್ರಕ್ಕೆ ಅರ್ಜಿ ವಜಾ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಮನೆಯವರು ಆಸ್ಪತ್ರೆಗೆ ಓಡುತ್ತಾರೋ ಠಾಣೆಗೋ ಎಂಬ ಮನುಷ್ಯಸಹಜ ಪ್ರಶ್ನೆ ಅಲ್ಲಿದೆ. ತಡ ಮತ್ತು ಬದಲಾದ ಕತೆ ಎರಡೂ ಸೇರಿದಾಗ ಮಾತ್ರ ಅದಕ್ಕೆ ತೂಕ ಬರುತ್ತದೆ. ಈಗ ನಿಯಮವೂ ಬಿಗಿಯಾಗಿದೆ. 2022ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಕೇಂದ್ರ ನಿಯಮಗಳಂತೆ ಪೊಲೀಸ್ ತನಿಖಾಧಿಕಾರಿ 48 ಗಂಟೆಯಲ್ಲಿ ಮೊದಲ ವರದಿ, 90 ದಿನದಲ್ಲಿ ವಿವರವಾದ ವರದಿ ಕೊಡಬೇಕು. ಚಾಲಕನಿಗೂ ಮಾಲೀಕನಿಗೂ ಬೇರೆ ಬೇರೆ ನಮೂನೆಗಳಿವೆ. ಅವುಗಳನ್ನು ಠಾಣೆಯ ಬರಹಗಾರನಿಗೆ ಬಿಡದೆ ನೀವೇ ಓದಿ ತುಂಬಿ. ಖಾಲಿ ಹಾಳೆಗೆ ಸಹಿ ಮಾಡಬೇಡಿ ಎಂದು ಬೇರೆ ಹೇಳಬೇಕೆ?

ಆ ಹೊತ್ತಿನಲ್ಲಿ ನಿಮ್ಮ ಗಾಡಿ ಅಲ್ಲಿ ಇರಲೇ ಇಲ್ಲವೆಂದರೆ, ಇರಲಿಲ್ಲ ಎನ್ನುವುದಕ್ಕಿಂತ ಎಲ್ಲಿತ್ತು ಎಂದು ತೋರಿಸುವುದು ಲೇಸು: ಅಪಾರ್ಟ್‌ಮೆಂಟಿನ ಗೇಟಿನ ಪುಸ್ತಕ, ಫಾಸ್ಟ್ಯಾಗ್ ಕಡಿತದ ಸಂದೇಶ, ಮೆಟ್ರೊ ನಿಲ್ದಾಣದ ಪಾರ್ಕಿಂಗ್ ಚೀಟಿ, ಸರ್ವಿಸ್ ಸೆಂಟರಿನ ಜಾಬ್ ಕಾರ್ಡ್. ಸಿಸಿಟಿವಿಗೆ ಮಾತ್ರ ತಡಮಾಡಬೇಡಿ. ಜನ ಸೇರುವ ಸಂಸ್ಥೆಗಳು ದೃಶ್ಯಗಳನ್ನು 30 ದಿನ ಇಡಬೇಕೆಂದು ಕರ್ನಾಟಕದ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆ ಹೇಳುತ್ತದೆ. ಬೀದಿ ಮೂಲೆಯ ಬೇಕರಿಯ ಕ್ಯಾಮೆರಾ ಅಷ್ಟು ದಿನವೂ ಕಾಯದಿರಬಹುದು. ಡ್ಯಾಶ್‌ಕ್ಯಾಮ್ ಇದ್ದರೆ ಅಂದೇ ಕಾರ್ಡ್ ತೆಗೆದಿಡಿ, ಇಲ್ಲದಿದ್ದರೆ ಹಳೆಯದರ ಮೇಲೆ ಹೊಸದು ಕೂರುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಹಂಚಿದ ಪ್ರತಿಯನ್ನು ನೆಚ್ಚಬೇಡಿ. ಮೂಲ ಕಾರ್ಡನ್ನು ಮುಟ್ಟದೆ ಇಟ್ಟುಕೊಳ್ಳಿ. ಕೋರ್ಟಿಗೆ ಒಪ್ಪಿಸುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕಾಗುತ್ತದೆ.

ಲಕೋಟೆ ಬಂದ ಮೇಲೆ

ಗಾಡಿಯ ಮಾಲೀಕರು ಮಾಡುವ ದೊಡ್ಡ ತಪ್ಪು ಯಾವುದೆಂದು ಕೇಳಿದರೆ ನಾನು ಒಂದೇ ಮಾತು ಹೇಳುತ್ತೇನೆ: ಸುಮ್ಮನಿರುವುದು. "ಇನ್ಶೂರೆನ್ಸ್‌ನವರು ನೋಡಿಕೊಳ್ಳುತ್ತಾರೆ" ಎಂದು ನೋಟಿಸನ್ನು ಫ್ರಿಜ್ಜಿನ ಮೇಲಿಡುತ್ತಾರೆ. ನೀವು ಹಾಜರಾಗದಿದ್ದರೆ ಪ್ರಕರಣ ನಿಮ್ಮ ಮಟ್ಟಿಗೆ ಏಕಪಕ್ಷೀಯವಾಗುತ್ತದೆ. ಅರ್ಜಿದಾರ ತನ್ನ ಊರಿನಲ್ಲೂ ಅರ್ಜಿ ಹಾಕಬಹುದಾದ್ದರಿಂದ ನೋಟಿಸ್ ದೂರದ ತಾಲ್ಲೂಕಿನಿಂದ ಬರಬಹುದು. ದೂರ ಎಂದು ಬಿಡುವಂತಿಲ್ಲ.

ನೋಟಿಸ್ ಬಂದ ವಾರದೊಳಗೆ ಪಾಲಿಸಿ, ಆರ್‌ಸಿ, ಲೈಸೆನ್ಸ್ ಪ್ರತಿಗಳೊಂದಿಗೆ ವಿಮಾ ಕಂಪನಿಗೆ ಬರೆದು ಸ್ವೀಕೃತಿ ಪಡೆಯಿರಿ. ಅನುಮಾನವಿದ್ದರೆ ಸ್ಪಷ್ಟವಾಗಿ ತಿಳಿಸಿ. ಸಾಮಾನ್ಯವಾಗಿ ಕಂಪನಿಯು ಮೋಟಾರು ವಾಹನ ಕಾಯ್ದೆ ಹೇಳಿದ ಕೆಲವೇ ಕಾರಣಗಳ ಮೇಲೆ ವಾದಿಸಬಹುದು. ಆದರೆ ಅರ್ಜಿದಾರನೂ ಮಾಲೀಕನೂ ಶಾಮೀಲಾಗಿದ್ದಾರೆ ಎಂದೋ ಮಾಲೀಕ ಹೋರಾಡುತ್ತಿಲ್ಲ ಎಂದೋ ಕಂಡುಬಂದರೆ, 170ನೇ ಕಲಮಿನಡಿ ಅನುಮತಿ ಪಡೆದು ಎಲ್ಲ ಅಂಶಗಳನ್ನೂ ಪ್ರಶ್ನಿಸಬಹುದು. ಅಂದರೆ ನಿಮ್ಮ ಮೌನವನ್ನು ಕಂಪನಿ ನಿಮ್ಮ ವಿರುದ್ಧವೇ ಓದಬಹುದು.

ಕಂಪನಿಯ ವಕೀಲರು ನಿಮ್ಮ ವಕೀಲರಲ್ಲ ಎಂಬುದನ್ನೂ ನೆನಪಿಡಿ. ಇದನ್ನು ಹೇಳಲು ನನಗೇ ಸ್ವಲ್ಪ ಸಂಕೋಚ. ಚಾಲಕನ ಲೈಸೆನ್ಸ್ ಸರಿಯಿರಲಿಲ್ಲ, ಪರ್ಮಿಟ್ ಇರಲಿಲ್ಲ ಎಂದು ಅವರೇ ವಾದಿಸಿ, ಮೊದಲು ಗಾಯಾಳುವಿಗೆ ಕೊಟ್ಟು ಆಮೇಲೆ ನಿಮ್ಮಿಂದ ವಸೂಲಿ ಮಾಡುವ ಆದೇಶ ಪಡೆಯಬಹುದು. ಡ್ರೈವರ್ ಇಟ್ಟುಕೊಂಡವರು ನೇಮಿಸುವ ದಿನವೇ ಅವನ ಲೈಸೆನ್ಸ್ ನೋಡಿ, ಓಡಿಸಿ ಪರೀಕ್ಷಿಸಿ, ಪ್ರತಿ ಇಟ್ಟುಕೊಂಡಿರಬೇಕು. ಲೈಸೆನ್ಸಿನ ವಿಚಾರದಲ್ಲಿ ಮಾಲೀಕ ಅಸಡ್ಡೆ ಮಾಡಿದ ಎಂದು ಸಾಬೀತು ಮಾಡುವ ಭಾರ ಕಂಪನಿಯ ಮೇಲಿದೆ ಎಂದು 2004ರ ಸ್ವರಣ್ ಸಿಂಗ್ ತೀರ್ಪು ಹೇಳಿದೆ. ಆ ಒಂದು ಜೆರಾಕ್ಸ್ ಪ್ರತಿ ಅಲ್ಲಿ ಕೆಲಸಕ್ಕೆ ಬರುತ್ತದೆ.

ಇನ್ನೆರಡು ಕಾಗದಗಳಲ್ಲಿ ಜನ ಎಡವುತ್ತಾರೆ. ಒಂದು, 133ನೇ ಕಲಮಿನ ಪೊಲೀಸ್ ನೋಟಿಸ್. "ಆ ದಿನ ಗಾಡಿ ಓಡಿಸುತ್ತಿದ್ದವರು ಯಾರು?" ಎಂದು ಅದು ಕೇಳುತ್ತದೆ. ಗಾಡಿ ಅಲ್ಲಿರಲಿಲ್ಲ ಎಂದಾದರೆ ಹಾಗೆಯೇ ಬರೆಯಿರಿ. ಗಡಿಬಿಡಿಯಲ್ಲಿ ಯಾರದೋ ಹೆಸರು ಬರೆದರೆ ಅಪಘಾತವನ್ನೇ ಒಪ್ಪಿಕೊಂಡಂತೆ. ಎರಡು, ಮ್ಯಾಜಿಸ್ಟ್ರೇಟರ ಮುಂದೆ ತಪ್ಪೊಪ್ಪಿಗೆ. "ಸಣ್ಣ ದಂಡ ಸಾರ್, ಕಟ್ಟಿ ಮುಗಿಸಿಬಿಡಿ, ಅಲೆದಾಟ ತಪ್ಪುತ್ತದೆ" ಎಂಬ ಸಲಹೆ ಕೋರ್ಟ್ ಆವರಣದಲ್ಲಿ ಪುಕ್ಕಟೆ ಸಿಗುತ್ತದೆ. ಕಟ್ಟಿದ ದಂಡದ ಆದೇಶದ ಪ್ರತಿ ಮುಂದಿನ ತಿಂಗಳು ನ್ಯಾಯಮಂಡಳಿಯಲ್ಲಿ ನಿಮ್ಮ ವಿರುದ್ಧ ದಾಖಲೆಯಾಗಿ ಗುರುತಾಗುತ್ತದೆ.

ಇನ್ನು ಮೇಷ್ಟ್ರ ಕತೆ. ಅವರ ತೊಂದರೆ ಶುರುವಾದದ್ದು ಗಾಡಿ ಮಾರಿದ ದಿನ. ಎಂಟು ಸಾವಿರ ರೂಪಾಯಿ ಎಣಿಸಿಕೊಂಡು, ಮಾಲೀಕತ್ವ ವರ್ಗಾವಣೆಯ 29 ಮತ್ತು 30ನೇ ನಮೂನೆಗಳಿಗೆ ಸಹಿ ಹಾಕಿ ಗ್ಯಾರೇಜಿನವನ ಕೈಗಿತ್ತು ಬಂದಿದ್ದರು. ಅವನು ಅವುಗಳನ್ನು ಆರ್‌ಟಿಒಗೆ ಕೊಡಲೇ ಇಲ್ಲ. ಮಾರಿದವನು 14 ದಿನದೊಳಗೆ ತಾನೇ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಬೇಕು ಎಂದು 50ನೇ ಕಲಮು ಹೇಳುತ್ತದೆ. ಗಾಡಿ ಎಷ್ಟು ಕೈ ಬದಲಾದರೂ ಆರ್‌ಸಿಯಲ್ಲಿ ಹೆಸರಿರುವವನೇ ಮಾಲೀಕ, ಪರಿಹಾರದ ಹೊಣೆ ಅವನದೇ ಎಂದು ಸುಪ್ರೀಂ ಕೋರ್ಟ್ 2018ರ ಫೆಬ್ರುವರಿಯಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಖಚಿತಪಡಿಸಿದೆ. ವಿಮೆಯೂ ಅಷ್ಟರಲ್ಲಿ ಕಾಲವಾಗಿತ್ತು. 75ರಿಂದ 150 ಸಿಸಿವರೆಗಿನ ಸ್ಕೂಟರಿನ ಮೂರನೇ ವ್ಯಕ್ತಿ ವಿಮೆಗೆ 2022ರ ಜೂನ್‌ನ ದರದಲ್ಲಿ ವರ್ಷಕ್ಕೆ 714 ರೂಪಾಯಿ ಮತ್ತು ತೆರಿಗೆ. ಅದಿಲ್ಲದಿದ್ದರೆ ಐತೀರ್ಪಿನ ಮೊತ್ತವನ್ನು ಭೂಕಂದಾಯದ ಬಾಕಿಯಂತೆ ಮಾಲೀಕನಿಂದ ವಸೂಲಿ ಮಾಡಬಹುದು. ಹೊಸ ದ್ವಿಚಕ್ರ ವಾಹನಗಳಿಗೆ 2018ರ ಸೆಪ್ಟೆಂಬರ್‌ನಿಂದ ಐದು ವರ್ಷದ ವಿಮೆ ಒಟ್ಟಿಗೇ ಬರುತ್ತದೆ. ಆರನೇ ವರ್ಷ ಮರೆಯುವವರು ನಮ್ಮ ಬೀದಿಯಲ್ಲೇ ನಾಲ್ಕು ಮಂದಿ ಸಿಕ್ಕರು.

ಮೇಷ್ಟ್ರು ಸ್ವಂತ ವಕೀಲರನ್ನು ಇಟ್ಟರು. ವಕೀಲರು ಮೊದಲು ಮಾಡಿದ ಕೆಲಸ ಆಸ್ಪತ್ರೆಯಿಂದ ಕೇಸ್ ಶೀಟ್ ತರಿಸಲು ಅರ್ಜಿ ಹಾಕಿದ್ದು. ಅದರ ಮೊದಲ ಪುಟದಲ್ಲಿ ರಾತ್ರಿ 9.40ಕ್ಕೆ ಬರೆದ ಸಾಲು: ಬೈಕಿನಿಂದ ಜಾರಿ ಬಿದ್ದು ಬಲಗಾಲಿಗೆ ಪೆಟ್ಟು. ಸ್ಕೂಟರಿನ ನಂಬರ್ ಹೊತ್ತ ದೂರು ಠಾಣೆಗೆ ಬಂದದ್ದು ಹತ್ತೊಂಬತ್ತು ದಿನಗಳ ನಂತರ. ಸ್ಕೂಟರ್ ಈಗ ಯಾರ ಕೈಯಲ್ಲಿದೆ ಎಂದು ಹುಡುಕಿದರೆ ಅರ್ಜಿದಾರನ ಚಿಕ್ಕಪ್ಪನ ಮನೆಯ ಅಂಗಳ ಸಿಕ್ಕಿತು. ಗಾಡಿಗೆ ವಿಮೆ ಇಲ್ಲವೆಂಬುದು ಅವರಿಗೂ ದೂರು ಕೊಟ್ಟ ಮೇಲೆಯೇ ತಿಳಿದಿರಬೇಕು.

ಪ್ರಕರಣ ಇನ್ನೂ ನಡೆಯುತ್ತಿದೆ. ಕಳೆದ ವಿಚಾರಣೆಗೆ ನಾನೂ ಜೊತೆಗೆ ಹೋಗಿದ್ದೆ. ಕಾರಿಡಾರಿನ ಬೆಂಚಿನಲ್ಲಿ ಮೇಷ್ಟ್ರು ಕೂತ ಸ್ವಲ್ಪ ಹೊತ್ತಿಗೆ ಅರ್ಜಿದಾರ ಊರುಗೋಲು ಊರಿಕೊಂಡು ಬಂದ. ಬೇರೆ ಜಾಗವಿರಲಿಲ್ಲ, ಅವರ ಪಕ್ಕದಲ್ಲೇ ಕೂತ. ಮೂವತ್ತು ದಾಟದ ಹುಡುಗ. ಮೇಷ್ಟ್ರು ಬಟ್ಟೆಚೀಲದಿಂದ ನೀರಿನ ಬಾಟಲಿ ತೆಗೆದು ಕುಡಿದು, ಏನನ್ನಿಸಿತೋ, ಅವನಿಗೂ ಚಾಚಿದರು. ಕಾಲು ಹೇಗಿದೆ ಎಂದು ಕೇಳಿದರು.

"ಒಳಗೆ ರಾಡ್ ಇದೆ ಸಾರ್, ತೆಗೆಸಬೇಕು. ದುಡ್ಡು ಹೊಂದಿಸುತ್ತಿದ್ದೇನೆ" ಎಂದ.

ಅಷ್ಟರಲ್ಲಿ ಒಳಗಿಂದ ಕೂಗಿದರು. ಮುಂದಿನ ದಿನಾಂಕ ದೀಪಾವಳಿಯಾದ ಮೇಲೆ.